ಕೋಚ್ ಸರ್ ಎಷ್ಟು ಸಮಯ ಇರ್ತಾರೆ?

ಕಾರ್ಕಳಕ್ಕೆ ಬಂದ ಹದಿನೈದನೇ ದಿನ ನಮ್ಮ ಬಾಸ್ಕೆಟ್‌ಬಾಲಿಗೆ ಬೂಷ್ಟು ಹಿಡಿಯಿತು. ರೊಟ್ಟಿಗೆ ಹಿಡಿದದ್ದು ಕಂಡಿದ್ದೆ, ಉಪ್ಪಿನಕಾಯಿಗೆ ಹಿಡಿದದ್ದು ಕಂಡಿದ್ದೆ, ಚೆಂಡಿಗೆ ಹಿಡಿದದ್ದು ಅದೇ ಮೊದಲು. ಪಂದ್ಯಕ್ಕೆಂದು ನಮ್ಮವರು ಟ್ರಂಕಿನೊಳಗೆ ಜೋಪಾನವಾಗಿ ಇಟ್ಟಿದ್ದ ತೊಗಲಿನ ಚೆಂಡು, ತೆಗೆದು ನೋಡಿದರೆ ಮೈತುಂಬ ಹಸಿರು ತುಪ್ಪಳ. ಅವರ ಬೆಲ್ಟು, ನನ್ನ ಮದುವೆ ಸೀರೆಯ ಅಂಚು, ಮಗಳ ಶಾಲೆಯ ಬೂಟು, ಎಲ್ಲಕ್ಕೂ ಅದೇ ಗತಿ. ಹೊರಗೆ ಹದಿನೈದು ದಿನದಿಂದ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ನಮ್ಮ ರೋಣದ ಕಡೆ ಮಳೆ ಬಂದರೆ ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತೇವೆ. ಮಳೆಗೆ ಬೈದರೆ ಬಾಯಲ್ಲಿ ಹುಳ ಬೀಳುತ್ತದೆ ಎಂದು ಕೇಳಿ ಬೆಳೆದವಳು ನಾನು. ಅವತ್ತು ಟ್ರಂಕಿನ ಮುಂದೆ ಕುಳಿತು ಮಳೆಗೆ ಬಾಯಿಗೆ ಬಂದಂತೆ ಬೈದೆ, ಬೈದು ಅತ್ತೆ.

ನನ್ನ ದನಿ ಕೇಳಿ ಮನೆಯ ಒಡತಿ ವಾರಿಜಕ್ಕ ಹಿಂಬಾಗಿಲಿನಿಂದ ಬಂದರು. ಚೆಂಡನ್ನು ತಿರುಗಿಸಿ ನೋಡಿ, "ಇದನ್ನು ಒಲೆಯ ಮೇಲೆ ಅಟ್ಟದಲ್ಲಿ ಇಡಬೇಕು ಮಾರಾಯ್ತಿ. ಸ್ವಲ್ಪ ಹೊಗೆ ತಾಗಬೇಕು" ಎಂದರು. ಆಮೇಲೆ, ಮುಂದೆ ನಾನು ಊರ ತುಂಬ ಕೇಳಲಿದ್ದ ಪ್ರಶ್ನೆಯನ್ನು ಮೊದಲ ಸಲ ಕೇಳಿದರು. "ಕೋಚ್ ಸರ್ ಎಷ್ಟು ಸಮಯ ಇರ್ತಾರೆ ಇಲ್ಲಿ?"

ನನಗೆ ಸಿಟ್ಟು ಬಂತು. ಬಂದು ಹದಿನೈದೇ ದಿನ, ಆಗಲೇ ಹೋಗುವ ಮಾತೇ? ಆದರೆ ಪ್ರಶ್ನೆ ಸುಳ್ಳಾಗಿರಲಿಲ್ಲ. ನಮ್ಮವರು ಇಲ್ಲಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಬಾಸ್ಕೆಟ್‌ಬಾಲ್ ಕಲಿಸಲು ಬಂದಿದ್ದರು. ಅದಕ್ಕೂ ಮುಂಚೆ ಏಳು ವರ್ಷದಲ್ಲಿ ಮೂರು ಊರು. ಹೋದಲ್ಲೆಲ್ಲ ಸೋಲುವ ತಂಡವನ್ನು ಹಿಡಿಯುವುದು, ಗೆಲ್ಲಿಸುವುದು, ಗೆದ್ದ ಸುದ್ದಿ ಕೇಳಿ ಇನ್ನೂ ದೊಡ್ಡ ಊರಿನವರು ಕರೆಯುವುದು, ನಾನು ಗಂಟುಮೂಟೆ ಕಟ್ಟುವುದು. ಅವರ ಹೆಸರು ನಮಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು.

ನಮ್ಮ ಕಡೆ ಹೊಸಬರು ಬಂದರೆ ಯಾವೂರು, ಯಾರ ಪೈಕಿ ಎಂದು ಕೇಳುತ್ತೇವೆ. ಇಲ್ಲಿ ಎಷ್ಟು ದಿನ ಎಂದು ಕೇಳುತ್ತಾರೆ. ಯಾಕೆಂದು ತಿಳಿದದ್ದು ವಾರಿಜಕ್ಕನ ಗಂಡ ಮಸ್ಕತ್ತಿನಿಂದ ರಜೆಗೆ ಬಂದಾಗ. ಎರಡು ವರ್ಷಕ್ಕೊಮ್ಮೆ ಬರುವ ಮನುಷ್ಯ. ಇಲ್ಲಿ ಮನೆಗೊಬ್ಬರಾದರೂ ಹೀಗೆ ಹೊರಗೆ ದುಡಿಯುವವರೇ. ಬಂದವರನ್ನು ಜಗಲಿಯ ಮೇಲೆ ಕೂರಿಸಿ ವಾರಿಜಕ್ಕ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಟ್ಟರು. ಬಿಸಿಲಿನಿಂದ ಬಂದ ಯಾರಿಗೂ ಇಲ್ಲಿ ಮೊದಲು ಕೊಡುವುದು ಅದನ್ನೇ. ಕೊಟ್ಟು, ತುಳುವಿನಲ್ಲಿ, "ಏತ್ ದಿನ ಉಪ್ಪುವರ್?" ಎಂದರು. ಎಷ್ಟು ದಿನ ಇರ್ತೀರಿ ಎಂದು. ಕಟ್ಟಿಕೊಂಡ ಗಂಡನಿಗೆ ನೆಂಟರಿಗೆ ಕೇಳಿದಂತೆ ಕೇಳುವುದೇ ಎಂದುಕೊಂಡೆ. ಅವರಿಬ್ಬರೂ ಅದನ್ನು ಏನೂ ಅಂದುಕೊಳ್ಳಲಿಲ್ಲ.

ಕಲಿಯುವುದು ಬಹಳವಿತ್ತು. ಕುಚ್ಚಲಕ್ಕಿಯ ಕೆಂಪು ಅಗುಳನ್ನು ಮೊದಲ ದಿನ ಬೆಂದಿಲ್ಲವೆಂದು ಮತ್ತೊಂದು ತಾಸು ಬೇಯಿಸಿ ಅಂಬಲಿ ಮಾಡಿದೆ. ಇಲ್ಲಿಯವರು ಮನೆಯೊಳಗೆ ತುಳು ಆಡಿ, ಹೊರಗೆ ನಮ್ಮಂಥವರ ಜೊತೆ ಕನ್ನಡ ಆಡುತ್ತಾರೆ, ಅದೂ ಪುಸ್ತಕದಲ್ಲಿ ಇದ್ದ ಹಾಗೆ, ಒಂದಕ್ಷರ ನುಂಗದೆ. "ಹೆಂಗದೀರಿ ಯವ್ವಾ?" ಎಂದು ನಾನು ಮಾತಾಡಿಸಿದರೆ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, "ನಿಮ್ಮದು ಎಂತ ಭಾಷೆ ಅಕ್ಕ?" ಎಂದಳು. ಅಂಗಡಿಯಲ್ಲಿ "ಸಕ್ಕರೆ ಉಂಟಾ?" ಎನ್ನಲು ನಾಲಿಗೆ ಹೊರಳಬೇಕಾದರೆ ಆರು ತಿಂಗಳು ಹಿಡಿಯಿತು. ಮೂರನೇ ಕ್ಲಾಸಿಗೆ ಸೇರಿದ್ದ ಮಗಳು ಚೈತ್ರಾ ಅಷ್ಟರಲ್ಲಿ ತುಳುವಿನಲ್ಲಿ ಜಗಳವಾಡುತ್ತಿದ್ದಳು.

ಅನ್ನ, ಮಾತು, ಇವೆಲ್ಲ ಹೇಗೋ ರೂಢಿಯಾಗುತ್ತವೆ. ನಮಗೆ ತಿಳಿಯದೇ ಹೋದದ್ದು ಬೇರೆ. ನಮ್ಮ ಕಡೆ ಒಬ್ಬರು ಮಾಡಿದ್ದು ತಪ್ಪು ಕಂಡರೆ ಇನ್ನೊಬ್ಬರು ಎದುರಿಗೇ ಜಗಳಕ್ಕೆ ನಿಲ್ಲುತ್ತಾರೆ, ಮೇಷ್ಟ್ರಾಗಲಿ ಗೌಡರಾಗಲಿ. ಇಲ್ಲಿಯವರು "ಆಯ್ತು ಸರ್" ಎನ್ನುತ್ತಾರೆ. ನಾವು ಅದನ್ನು ಒಪ್ಪಿಗೆ ಎಂದುಕೊಂಡೆವು. ಅದು ದೊಡ್ಡವರಿಗೆ ಕೊಡುವ ಮರ್ಯಾದೆ ಎಂದು ತಿಳಿಯುವಷ್ಟರಲ್ಲಿ ಒಂದು ಹುಡುಗಿಯ ಮೊಣಕಾಲು ಹೋಗಿತ್ತು.

ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಣ ಬಯಲಿನಲ್ಲಿತ್ತು, ಸಿಮೆಂಟಿನದು. ಮಳೆಗಾಲ ಶುರುವಾಗುವ ಮೊದಲೇ ಕಾವಲುಗಾರ ಸಂಜೀವಣ್ಣ ಅದರ ತುಂಬ ಮಡಲು ಹಾಸುತ್ತಿದ್ದ. ಮಡಲೆಂದರೆ ತೆಂಗಿನ ಗರಿ. ನೆಲಕ್ಕೆ ಹಾವಸೆ, ಅಂದರೆ ಪಾಚಿ, ಕಟ್ಟಿ ಜಾರದಿರಲೆಂದು ಇಲ್ಲಿ ಮನೆಮನೆಯ ಅಂಗಳಕ್ಕೂ ಹಾಸುತ್ತಾರೆ. ನಮ್ಮವರ ಕಣ್ಣಿಗೆ ಅದು ಕಸ. ಜುಲೈಯಲ್ಲಿ ಎರಡು ದಿನ ಬಿಸಿಲು ಬಿತ್ತು. "ಸಂಜೀವಣ್ಣ, ಇದನ್ನೆಲ್ಲ ತೆಗೆದು ಹಾಕು, ಹುಡುಗಿಯರು ಆಡಬೇಕು" ಎಂದರು. "ಆಯ್ತು ಸರ್" ಎಂದ ಅವನು ಸಂಜೆಯೊಳಗೆ ಎಲ್ಲ ಎತ್ತಿ ಗುಡ್ಡೆ ಹಾಕಿದ. ಮಳೆ ಬಿಟ್ಟಾಗಲೆಲ್ಲ ಹತ್ತು ದಿನ ಆಟ ನಡೆಯಿತು. ಮೇಲಿಂದ ನೋಡಿದರೆ ಸಿಮೆಂಟು ಎಂದಿನಂತೆ ಬೂದು ಬಣ್ಣದ್ದೇ. ಹತ್ತನೇ ದಿನ ಸುಮತಿ ಜಾರಿದಳು.

ಸುಮತಿ ಬೆಳ್ಮಣ್ಣಿನ ಹುಡುಗಿ, ಮೊದಲ ವರ್ಷದ ಬಿ.ಎ., ಗದ್ದೆ ಕೆಲಸದ ಮನೆಯವಳು. ತಂಡದಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಮೇಲೆ ಹಾರುವವಳು. "ಇಂಥಾ ಹುಡುಗಿ ನನ್ನ ಕೈಗೆ ಇಲ್ಲೀತನಕ ಸಿಕ್ಕಿದ್ದಿಲ್ಲ ಗಿರಿಜಾ" ಎಂದು ಅವಳನ್ನು ಕಂಡ ದಿನವೇ ನಮ್ಮವರು ಕುಣಿದಾಡಿದ್ದರು. ಎಷ್ಟೋ ದಿನದ ಮೇಲೆ ಅವಳನ್ನು ಕೇಳಿದೆ, "ಜಾರತೈತಿ ಅಂತ ನಿನಗ ಗೊತ್ತಿರಲಿಲ್ಲೇನ?"

"ಗೊತ್ತಿತ್ತು ಆಂಟಿ."

"ಮತ್ತ ಒಂದ ಮಾತು ಹೇಳಬಾರದಾ?"

"ಸರ್ ಹೇಳಿದ ಮೇಲೆ ಬೇಡ ಅಂತ ಹೇಗೆ ಹೇಳುದು?"

ಮಣಿಪಾಲದಲ್ಲಿ ಆಪರೇಷನ್ ಆಯಿತು. ಮೊಣಕಾಲಿನ ಒಳಗಿನ ನಾರು ಹರಿದಿದೆ, ನಡೆದಾಳು, ಆಟದ ಮಾತು ಈಗ ಬೇಡ ಎಂದರು ಡಾಕ್ಟರು. ಅವಳ ಅಪ್ಪ ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬಂದು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಅವರು ಕಪಾಳಕ್ಕೆ ಹೊಡೆದಿದ್ದರೂ ನಮ್ಮವರು ತಡೆದುಕೊಳ್ಳುತ್ತಿದ್ದರೇನೋ. ಅವರು ಎದ್ದು ನಿಂತು, "ಸರ್, ನೀವು ಬೇಜಾರು ಮಾಡಬೇಡಿ. ಘಟ್ಟದ ಮೇಲಿನವರಿಗೆ ಇಲ್ಲಿಯ ನೆಲ ಹೇಗೆ ಗೊತ್ತಾಗಬೇಕು?" ಎಂದರು. ಆಮೇಲೆ, "ನೀವು ಎಷ್ಟು ಸಮಯ ಇರ್ತೀರಿ ಇಲ್ಲಿ?"

"ನಿಮ್ಮ ಮಗಳು ಮತ್ತೆ ಆಡುವ ತನಕ" ಎಂದರು ನಮ್ಮವರು. ನಾನು ಅಲ್ಲೇ ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಪಾದಕ್ಕೆ ಮರಳಿನ ಚೀಲ ಕಟ್ಟಿ ಕಾಲೆತ್ತುವ ವ್ಯಾಯಾಮ ಆಗಬೇಕಿತ್ತು, ದಿನಕ್ಕೆ ಎರಡು ಹೊತ್ತು. ಚೀಲ ಹೊಲಿಯುವ ಕೆಲಸ ನನ್ನದು. ಮರಳು ತರಲು ಮನೆಯ ಮೂವರೂ ಕಾಪುವಿಗೆ ಹೋದೆವು. ನಾನು ಸಮುದ್ರ ಕಂಡದ್ದು ಅವತ್ತೇ ಮೊದಲು. ದೀಪಸ್ತಂಭದ ಬುಡದಲ್ಲಿ ನಿಂತು ಜನರೆಲ್ಲ ನೀರು ನೋಡುತ್ತಿದ್ದರೆ ನಾವು ಬಗ್ಗಿ ಮರಳು ತುಂಬಿಕೊಂಡು ಬಂದೆವು. ಹಳೇ ಸೀರೆಯಲ್ಲಿ ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ ಚೀಲ ಹೊಲಿದೆ. ಮೂರೇ ವಾರಕ್ಕೆ ಬಟ್ಟೆ ಮುಗ್ಗಿ ಹರಿಯಿತು. ವಾರಿಜಕ್ಕ ನಕ್ಕರು. "ಸಮುದ್ರದ ಹೊಯಿಗೆ ಒಣಗುದಿಲ್ಲ ಮಾರಾಯ್ತಿ, ಅದರಲ್ಲಿ ಉಪ್ಪುಂಟು." ಹೊಯಿಗೆ ಎಂದರೆ ಮರಳು. ಬಾವಿಯ ಸಿಹಿನೀರಿನಲ್ಲಿ ಏಳು ಸಲ ತೊಳೆದು, ಒಲೆಯ ಹತ್ತಿರ ಒಣಗಿಸಿ ಮತ್ತೆ ಹೊಲಿದೆ. ಆ ಚೀಲಗಳು ಬಾಳಿದವು.

ಸುಮತಿ ಬೆಳಿಗ್ಗೆ ಕಾಲೇಜಿಗೆ ಮೊದಲು, ಸಂಜೆ ಬಸ್ಸಿಗೆ ಮೊದಲು ನಮ್ಮ ಜಗಲಿಗೆ ಬರುತ್ತಿದ್ದಳು. ನಮ್ಮವರು ಎಣಿಸುತ್ತಿದ್ದರು, ಅವಳು ಹಲ್ಲು ಕಚ್ಚಿ ಕಾಲೆತ್ತುತ್ತಿದ್ದಳು. ಇತ್ತ ಅವಳಿಲ್ಲದ ತಂಡ ಗೆಲ್ಲತೊಡಗಿತು. ಒಂದು ವರ್ಷ ಗೆದ್ದಿತು, ಮರುವರ್ಷವೂ ಗೆದ್ದಿತು. ಉಡುಪಿಯಲ್ಲಿ ಹೂವಿನ ಹಾರ ಹಾಕಿದರು, ಪೇಪರಿನಲ್ಲಿ ಫೋಟೋ ಬಂತು. ಪ್ರಶ್ನೆಯೂ ಜೋರಾಯಿತು. ಕಿರಾಣಿ ಅಂಗಡಿಯಲ್ಲಿ, ಪ್ರಿನ್ಸಿಪಾಲರ ಮನೆಯ ಪೂಜೆಯಲ್ಲಿ, ಕಂಡಕ್ಟರನ ಬಾಯಲ್ಲಿ ಕೂಡ, ಕೋಚ್ ಸರ್ ಎಷ್ಟು ಸಮಯ ಇರ್ತಾರೆ? ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಸುಮತಿ ಆಡುವ ತನಕ ಇರ್ತಾರೆ.

ಎರಡನೇ ಸಲ ಗೆದ್ದ ಮೇಲೆ ಚೆನ್ನೈಯ ಒಂದು ಕಾಲೇಜಿನಿಂದ ಕರೆ ಬಂತು.

"ಅಲ್ಲಿ ಕಟ್ಟಡದೊಳಗ ಅಂಗಣ ಐತಿ, ಮರದ್ದು. ಮಳಿ ಇಲ್ಲ, ಹಾವಸಿ ಇಲ್ಲ" ಎಂದರು ಊಟಕ್ಕೆ ಕುಳಿತಾಗ.

"ಆಕಿ ಅಪ್ಪಗ ಏನ ಹೇಳಿದ್ರಿ ನೀವು?"

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ಆಕಿ ಕುಂಟಕೋತ ಬಂದು ನೀರಿನ ಬಾಟ್ಲಿ ಕೊಡ್ತಾಳ ಗಿರಿಜಾ. ದಿನಾ. ಗೆದ್ದಾಗ ಎಲ್ಲಾರಕಿಂತ ಜೋರಾಗಿ ಚಪ್ಪಾಳಿ ಹೊಡಿಯಾಕಿನೂ ಆಕಿನ. ನನಗ ನೋಡಾಕ ಆಗವಲ್ದು."

ಗೆಲುವಿನ ಹಿಂದೆ ಓಡುವ ಮನುಷ್ಯ ಎಂದು ಇಷ್ಟು ವರ್ಷ ತಿಳಿದಿದ್ದೆ. ಈ ಸಲ ಅವರು ಓಡುತ್ತಿದ್ದದ್ದು ಒಂದು ಹುಡುಗಿಯ ಕುಂಟುವ ಕಾಲಿನಿಂದ. ಅದು ತಿಳಿದು ಅಯ್ಯೋ ಎನ್ನಿಸಿತು, ಆದರೆ ಸಿಟ್ಟು ಇಳಿಯಲಿಲ್ಲ. ಕೊಟ್ಟ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೆನಲ್ಲ. "ನೀವು ಹೋಗ್ರಿ. ಈ ಸರೆ ನಾ ಗಂಟು ಕಟ್ಟಂಗಿಲ್ಲ" ಎಂದೆ. ಹೆದರಿಸಿದರೆ ಉಳಿದಾರು ಎಂದು ಆಡಿದ ಮಾತು. ಅವರು ತಮ್ಮ ಒಂದೇ ಚೀಲ ತಾವೇ ತುಂಬಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಸುಮತಿ ಬಂದಳು. "ಸರ್ ಹೋದ್ರಾ ಆಂಟಿ?"

"ಹೋದರು."

ಅವಳು ಜಗಲಿಯ ಅಂಚಿಗೆ ಕುಳಿತು ಕಾಲು ಚಾಚಿದಳು. ನಾನು ಎರಡು ಕಿಲೋ ಚೀಲ ತಂದು ಕಟ್ಟಿದೆ. ನನಗೆ ಬಾಸ್ಕೆಟ್‌ಬಾಲಿನ ತಲೆಬುಡ ಗೊತ್ತಿಲ್ಲ, ಎಣಿಸಲು ಬರುತ್ತದೆ. ಒಂದು, ಎರಡು ಎಂದು ನಾನು ಎಣಿಸಿದರೆ ಚೈತ್ರಾ ಪಕ್ಕದಲ್ಲಿ ಒಂಜಿ, ರಡ್ಡ್ ಎಂದು ತುಳುವಿನಲ್ಲಿ ಎಣಿಸುತ್ತಿದ್ದಳು. ಮಳೆಗಾಲ ಪೂರ್ತಿ ಎಣಿಸಿದೆವು. ಆಮೇಲೆ ನಡಿಗೆ, ಆಮೇಲೆ ಮೆಟ್ಟಿಲು, ದೀಪಾವಳಿಯ ಹೊತ್ತಿಗೆ ಓಟ.

ಅವಳ ಕೊನೆಯ ವರ್ಷದ ಪಂದ್ಯ ಮಣಿಪಾಲದಲ್ಲಿ ನಡೆಯಿತು. ನಾನು ಅವಳ ಅಪ್ಪನ ಪಕ್ಕದಲ್ಲಿ ಕುಳಿತಿದ್ದೆ. ತಂಡ ಆಗಲೇ ಸೋಲುತ್ತಿತ್ತು. ಕೊನೆಯ ಆರು ನಿಮಿಷ ಸುಮತಿಯನ್ನು ಇಳಿಸಿದರು. ಓಡಿದಳು, ಹಾರಿದಳು, ಒಂದು ಚೆಂಡೂ ಬುಟ್ಟಿಗೆ ಬೀಳಲಿಲ್ಲ. ಬೀಳಲಿಲ್ಲವೆಂದು ನಮಗಿಬ್ಬರಿಗೂ ಬೇಸರವಾಗಲಿಲ್ಲ. ಮುಗಿದ ಮೇಲೆ ಅವಳ ಅಪ್ಪ ಕಣ್ಣೊರೆಸಿಕೊಂಡು, "ಸರ್‌ಗೆ ಹೇಳಿ ಅಕ್ಕ, ಅವರು ಕೊಟ್ಟ ಮಾತು ಉಳಿಯಿತು ಅಂತ" ಎಂದರು.

ಮಾತು ಕೊಟ್ಟವರು ಅವರು, ಉಳಿದವಳು ನಾನು. ಆದರೂ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದೆ. "ಸುಮತಿ ಆಡಿದಳು" ಎಂದೆ. "ಮೊಣಕಾಲು?" ಎಂದರು. "ಗಟ್ಟಿ ಐತಿ." ಆ ಕಡೆಯಿಂದ ಅಳು ಕೇಳಿಸಿತು. ಈಗಲಾದರೂ ಬರ್ರಿ ಎಂದು ಹೇಳಬೇಕೆಂದು ಬಾಯಿತನಕ ಬಂದಿತ್ತು. ಹೇಳಲಿಲ್ಲ. ಅವರೂ, ನೀನು ಬಾ ಎನ್ನಲಿಲ್ಲ.

ಈಗ ಐದಾರು ವರ್ಷವಾಯಿತು. ನಮ್ಮವರು ಚೆನ್ನೈಯನ್ನು ಗೆಲ್ಲಿಸಿ ಹೈದರಾಬಾದಿಗೆ ಹೋದರು, ಈಗ ಪುಣೆ. ಸುಮತಿ ಮಣಿಪಾಲದಲ್ಲಿ ಆಫೀಸಿನ ಕೆಲಸಕ್ಕೆ ಹೋಗುತ್ತಾಳೆ. ಮಳೆ ಬರುವ ಹಿಂದಿನ ದಿನ ಮೊಣಕಾಲು ಹೇಳುತ್ತದಂತೆ. ನಾನು ನಿಟ್ಟೆ, ಮಣಿಪಾಲದ ಹಾಸ್ಟೆಲುಗಳಲ್ಲಿರುವ ನಮ್ಮ ಕಡೆಯ ಮಕ್ಕಳಿಗೆ ಜೋಳದ ರೊಟ್ಟಿ ಬಡಿದು ಕಳಿಸುತ್ತೇನೆ, ಹಿಟ್ಟು ಗದಗಿನ ಬಸ್ಸಿನಲ್ಲಿ ಬರುತ್ತದೆ. ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಬೆಳಿಗ್ಗೆ ಕೂಲಿಗೆ ಕಾಯುವ ನಮ್ಮೂರ ಕಡೆಯ ಹೆಂಗಸರು ಸಿಗುತ್ತಾರೆ. "ಯಾವೂರವ್ವಾ ನಿಂದು?" ಎಂದು ಅವರು ಕೇಳಿದರೆ ಅಲ್ಲೇ ನಿಂತು ಮಾತಿಗಿಳಿಯುತ್ತೇನೆ. ಮಾತಿನ ನಡುವೆ ನನ್ನ ಬಾಯಿಂದ ಒಂದು "ಉಂಟು" ಬಂದರೆ ಸಾಕು, "ನೀ ನಮ್ಮಾಕಿ ಅಲ್ಲ ಬಿಡು" ಎಂದು ನಗುತ್ತಾರೆ. ರೋಣಕ್ಕೆ ಹೋದರೆ ನೀನು ಅಲ್ಲಿಯವಳಾದೆ ಎನ್ನುತ್ತಾರೆ. ಇಲ್ಲಿ ನಾನು ಇಂದಿಗೂ ಘಟ್ಟದ ಮೇಲಿನವಳು.

ಕಳೆದ ಮೇ ತಿಂಗಳ ಕೊನೆಗೆ ನಮ್ಮವರು ರಜೆಗೆ ಬಂದರು. ಮಳೆಗೆ ಮುಂಚೆ ಅಂಗಳಕ್ಕೆ ಹಾಸಲೆಂದು ನಾನು ಮಡಲು ಎಳೆದು ತರುತ್ತಿದ್ದೆ. ಅವರು ಚೀಲ ಕೆಳಗಿಟ್ಟು ಇನ್ನೊಂದು ತುದಿ ಹಿಡಿದರು. ಸಂದಿಯಿಲ್ಲದ ಹಾಗೆ ಒಂದರ ಪಕ್ಕ ಒಂದು, ಬಾವಿಕಟ್ಟೆಯ ತನಕ ಇಬ್ಬರೂ ಹಾಸಿದೆವು. ಅವರ ತಲೆಕೂದಲು ಬೆಳ್ಳಗಾಗಿತ್ತು. ಬೆವರಿ ಬಂದು ಜಗಲಿಯ ಮೇಲೆ ಕುಳಿತರು. ನಾನು ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ತಂದು ಮುಂದಿಟ್ಟೆ.

"ಎಷ್ಟು ದಿನ ಇರ್ತೀರಿ?" ಎಂದು ಕೇಳಿದೆ.

ಕೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅವರು ಬೆಲ್ಲವನ್ನು ಕೈಯಲ್ಲಿ ಹಿಡಿದು ನನ್ನನ್ನೇ ನೋಡಿದರು. ಆಮೇಲೆ, "ನಾಲ್ಕು ದಿನ" ಎಂದರು.