ಎಡಗಡೆಯ ನೀಲಿ ಸಾಕೆಟ್

ಜೆ.ಪಿ. ನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಕಂಪನಿ ಎನ್ನುವುದು ದೊಡ್ಡ ಮಾತು. ಇದ್ದದ್ದು ಏಳು ಜನ. ಅಡುಗೆಮನೆ ಆಗಬೇಕಿದ್ದ ಕೋಣೆಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದರು, ಹಾಲ್‌ನಲ್ಲಿ ಕೂತು ನಾನು ಅವಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದೆ. ಮೊಬೈಲುಗಳಿಗೆ ಇನ್ನೂ ಗುಂಡಿಗಳಿದ್ದ ಕಾಲ. ನನಗೆ ಇಪ್ಪತ್ತನಾಲ್ಕು ವರ್ಷ. ಕರ್ನಲ್ಲಿಗೇ ಕೈ ಹಾಕುವವಳು ಎಂಬ ಕೊಬ್ಬು ಮೈತುಂಬ ಇತ್ತು.

ಕರ್ನಲ್ ಅಂದರೆ ಕಂಪ್ಯೂಟರಿನೊಳಗೆ ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮ್. ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮುಗಳ ಮೂಲಕ ಒಂದೊಂದು ಚಿಪ್ಪಿನಿಂದಲೂ ಅದು ಕೆಲಸ ಮಾಡಿಸುತ್ತದೆ. ಇಷ್ಟೆಲ್ಲ ಬಲ್ಲ ಅದಕ್ಕೆ ತನ್ನ ಬೆನ್ನಿನಲ್ಲಿ ಯಾವ ಸಾಕೆಟ್ ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ. ಇವತ್ತಿಗೂ ನನಗೆ ಇದು ಸೋಜಿಗವೇ. ಪರದೆಗೆ ಚಿತ್ರ ಕಳಿಸುವ ಚಿಪ್ಪಿನಿಂದ ಎರಡು ದಾರಿ ಹೊರಡುತ್ತವೆ ಎಂಬುದಷ್ಟೇ ಅದಕ್ಕೆ ತಿಳಿದಿರುತ್ತದೆ. ಯಾವ ದಾರಿ ಯಾವ ಸಾಕೆಟ್ಟಿಗೆ ಹೋಗಿ ಮುಟ್ಟುತ್ತದೆ, ಆ ಸಾಕೆಟ್ಟಿಗೆ ಯಾರ ಪರದೆ ಸಿಕ್ಕಿಸುತ್ತಾರೆ ಎಂಬುದನ್ನು ಮನುಷ್ಯರೊಬ್ಬರು ಫೈಲಿನಲ್ಲಿ ಬರೆದಿಡಬೇಕು. ಬರೆದದ್ದನ್ನು ಅದು ಮರುಮಾತಿಲ್ಲದೆ ನಂಬುತ್ತದೆ. ಆ ಫೈಲು ಬರೆಯುವುದು ನನ್ನ ಕೆಲಸವಾಗಿತ್ತು.

ನಾವು ಮಾಡುತ್ತಿದ್ದದ್ದು ಬಸ್ ಟಿಕೆಟ್ ಕೌಂಟರಿನ ಪೆಟ್ಟಿಗೆ. ಅದರ ಹಿಂಬದಿಯಲ್ಲಿ ಒಂದೇ ತರಹದ ಎರಡು ನೀಲಿ ಸಾಕೆಟ್ಟುಗಳಿದ್ದವು. ಒಂದು ಟಿಕೆಟ್ ಕೊಡುವವರ ಪರದೆಗೆ, ಇನ್ನೊಂದು ಪ್ರಯಾಣಿಕರ ಪರದೆಗೆ. ಬೋರ್ಡು ಜೋಡಿಸಿ, ‘ಕೌಂಟರ್’, ‘ಪ್ರಯಾಣಿಕ’ ಎಂದು ಚೀಟಿ ಅಂಟಿಸುತ್ತಿದ್ದವರು ತಿಲಕ್ ನಗರದಿಂದ ಬರುತ್ತಿದ್ದ ಒಬ್ಬ ಅಕ್ಕ. ಒಂಬತ್ತು ವರ್ಷದಿಂದ ಬೆಸುಗೆ ಹಾಕುತ್ತಿದ್ದವರು. ಮಾತು ಕಡಿಮೆ.

ಒಂದು ಶುಕ್ರವಾರ ಗಿರಾಕಿಗಳ ಮುಂದೆ ಪೆಟ್ಟಿಗೆ ಆನ್ ಮಾಡಿದಾಗ ಎರಡು ಪರದೆಗಳೂ ಅದಲುಬದಲಾಗಿದ್ದವು. ಪ್ರಯಾಣಿಕರ ಕಡೆ ಟಿಕೆಟ್ ತೆಗೆದವರೆಲ್ಲರ ಹೆಸರು, ಫೋನ್ ನಂಬರು. ಕೌಂಟರಿನ ಕಡೆ ‘ಸುಖ ಪ್ರಯಾಣ’. ಗಿರಾಕಿಗಳು ನಕ್ಕು ಎದ್ದುಹೋದರು. ನಮ್ಮ ಮಾಲೀಕರು ಎಲ್ಲರೆದುರೇ ಅಕ್ಕನಿಗೆ, ಎಡ ಬಲ ತಿಳಿಯದವರು ಚೀಟಿ ಅಂಟಿಸಿದರೆ ಹೀಗೇ ಆಗೋದು, ಸೋಮವಾರದಿಂದ ಬರಬೇಡಿ ಎಂದರು. ಒಂದೊಂದನ್ನೂ ಮೀಟರ್ ಹಿಡಿದು ನೋಡಿಯೇ ಅಂಟಿಸಿದ್ದೇನೆ ಎಂದರು ಅಕ್ಕ. ಮಾಲೀಕರು ನನ್ನತ್ತ ತಿರುಗಿದರು. ನನ್ನ ಫೈಲು ಸರಿಯಾಗಿದೆ ಎಂದೆ. ತೆರೆದು ನೋಡುವಷ್ಟೂ ವ್ಯವಧಾನ ನನಗಿರಲಿಲ್ಲ. ಜೋಡಿಸುವವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದ ಊರು ಅದು. ಎಡ ಬಲ ತಿಳಿಯದವರು ಎಂಬ ಮಾತು ಹಬ್ಬಿದರೆ ಅಕ್ಕನನ್ನು ಬೇರೆಲ್ಲೂ ಸೇರಿಸಿಕೊಳ್ಳುತ್ತಿರಲಿಲ್ಲ.

ಶನಿವಾರ ಅವರ ಕೊನೆಯ ದಿನ. ಹನ್ನೆರಡು ಪೆಟ್ಟಿಗೆಗಳ ಚೀಟಿ ಕಿತ್ತು ಅದಲುಬದಲು ಮಾಡಿಸುವ ಕೆಲಸ ನನಗೆ ಬಿತ್ತು. ಮೊದಲನೆಯದರಿಂದ ‘ಕೌಂಟರ್’ ಚೀಟಿಯನ್ನು ನಾನೇ ಉಗುರಿನಿಂದ ಎಬ್ಬಿಸಿ ಕಿತ್ತೆ. ಅಕ್ಕ ತಡೆಯಲಿಲ್ಲ. ಒಂದು ಸಲ ನೋಡಿಬಿಡಿ ಎಂದು ಮುಚ್ಚಳ ಬಿಚ್ಚಿದರು.

ಮೀಟರಿನ ಒಂದು ಮೊನೆಯನ್ನು ಚಿಪ್ಪಿನ ಒಂದು ಲೋಹದ ಕಾಲಿಗೆ ಇಟ್ಟರು. ಕೂದಲಿಗಿಂತ ತುಸು ದಪ್ಪ, ಅಷ್ಟೇ ಆ ಕಾಲು. ಪಕ್ಕದಲ್ಲಿ ಅಂಥವು ಸಾಲಾಗಿ ಐವತ್ತೋ ಅರವತ್ತೋ. ಅವರು ಎಣಿಸಲೂ ಇಲ್ಲ, ನೇರ ಹೋಗಿ ಮುಟ್ಟಿದರು. ಇನ್ನೊಂದು ಮೊನೆಯನ್ನು ನಾನು ಚೀಟಿ ಕಿತ್ತಿದ್ದ ಸಾಕೆಟ್ಟಿನ ತೂತಿಗೆ ಇಟ್ಟರು. ಮೀಟರು ಬೀಪ್ ಅಂದಿತು, ಅಂದರೆ ಎರಡಕ್ಕೂ ಸಂಪರ್ಕವಿದೆ. ತಾಮ್ರದ ಗೆರೆ ಬೋರ್ಡಿನ ಅಡಿಗೆ ಇಳಿದು, ಮೂರು ಕಡೆ ತಿರುಗಿ, ಮತ್ತೆ ಮೇಲೆ ಬಂದು ಆ ತೂತನ್ನು ಸೇರುವುದನ್ನು ಬೆರಳಲ್ಲೇ ತೋರಿಸಿದರು. ತಿಂಗಳುಗಟ್ಟಲೆ ನಾನು ಹೆಸರು ಬರೆಯುತ್ತಿದ್ದ ದಾರಿ ಅದು. ಕಣ್ಣಾರೆ ಕಂಡದ್ದು ಅವತ್ತೇ. ಇಷ್ಟು ಚೆಂದವಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಹೊಳೆಯಿತು. ಅವರು ಮುಟ್ಟಿದ ಕಾಲು ಎರಡನೆಯ ದಾರಿಯದು. ಕೌಂಟರಿಗೆ ಹೋಗುವುದು ಮೊದಲನೆಯದು ಎಂದು ನಾನು ಬರೆದಿದ್ದೆ.

ಓಡಿಹೋಗಿ ಬೋರ್ಡಿನ ನಕ್ಷೆ ತಂದೆ. ಎಡಗಡೆಯದು ಕೌಂಟರಿಗೆ ಎಂದು ಅಂಚಿನಲ್ಲಿ ಬರೆದಿತ್ತು. ನಕ್ಷೆಯಲ್ಲಿ ಸಾಕೆಟ್ಟುಗಳು ಮೇಲಂಚಿಗಿದ್ದವು, ನಾನು ಕಾಗದದ ಎಡವನ್ನೇ ಎಡವೆಂದು ಹಿಡಿದಿದ್ದೆ. ಪರೀಕ್ಷೆಗೆ ನನ್ನ ಮೇಜಿನ ಮೇಲಿದ್ದದ್ದು ಒಂದೇ ಮಾನಿಟರು. ಎರಡೂ ಸಾಕೆಟ್ಟಿನಲ್ಲಿ ಚಿತ್ರ ಬಂತು, ಸಾಕು ಎಂದು, ಯಾವುದರಲ್ಲಿ ಯಾವುದು ಎಂದು ನೋಡದೆ ಎದ್ದಿದ್ದೆ.

“ಹಿಂದೆ ನಿಂತ್ಕೊಂಡೇ ತಾನೆ ಮೇಡಂ ವೈರು ಸಿಕ್ಸೋದು?” ಎಂದರು ಅಕ್ಕ. “ಎಡ ಅಂದ್ರೆ ಸಿಕ್ಸೋರ ಎಡ.”

ಯಾವ ಸಾಕೆಟ್ ಎಲ್ಲಿದೆ ಎಂದು ಕಂಪ್ಯೂಟರಿಗೆ ಕಾಣಲ್ಲವೇ ಎಂದು ಕೇಳಿದರು. ಅದಕ್ಕೆ ಕಣ್ಣಿಲ್ಲ, ನಾನು ಬರೆದದ್ದನ್ನು ನಂಬುತ್ತದೆ ಎಂದೆ.

“ಪಾಪ. ಹಂಗಾದ್ರೆ ನೀವಾದ್ರೂ ನೋಡ್ಬೇಕಿತ್ತು.”

ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆಚ್ಚು ನಾಟಿತು.

ಮಧ್ಯಾಹ್ನ ಎಲ್ಲರೂ ಡಬ್ಬಿ ತೆರೆದು ಕೂತಿದ್ದಾಗ ನಾನು ಎದ್ದು ನಿಂತೆ. ಶುಕ್ರವಾರ ಎಲ್ಲರೆದುರು ಆದದ್ದನ್ನು ಮಾಲೀಕರ ಕೋಣೆಯೊಳಗೆ ಮೆಲ್ಲಗೆ ಸರಿಪಡಿಸುವುದು ಸರಿಯಲ್ಲ ಅನ್ನಿಸಿತ್ತು. ಚೀಟಿಗಳು ಸರಿ ಇವೆ, ತಪ್ಪು ನನ್ನ ಫೈಲಿನ ಎರಡು ಸಾಲಿನದು, ನೋಡದೆಯೇ ಸರಿ ಎಂದವಳೂ ನಾನೇ ಎಂದೆ. ಮಾಲೀಕರು ಕೈಯಲ್ಲಿದ್ದ ತುತ್ತನ್ನು ಡಬ್ಬಿಯಲ್ಲೇ ಬಿಟ್ಟು ನನ್ನನ್ನೇ ನೋಡಿದರು. ಕೊನೆಗೆ ಅಕ್ಕನ ಕಡೆ ತಿರುಗಿ, ಸೋಮವಾರ ಬನ್ನಿ ಎಂದರು. ತಪ್ಪಾಯಿತು ಎನ್ನಲಿಲ್ಲ. ನನಗೆ ಬರಬೇಕಿದ್ದ ಬೈಗುಳ ಬಂತು, ಅದು ನ್ಯಾಯವೇ.

ಎರಡು ಸಾಲು ತಿದ್ದಿ ಪೆಟ್ಟಿಗೆ ಆನ್ ಮಾಡಿದೆ. ಹೆಸರುಗಳು ಕೌಂಟರಿನ ಕಡೆ ಬಂದವು, ‘ಸುಖ ಪ್ರಯಾಣ’ ಆಚೆ ಕಡೆ. ಅಕ್ಕನ ಬೆರಳು ತೋರಿಸಿದ ದಾರಿ ಈಗ ಕರ್ನಲ್ಲಿಗೂ ಗೊತ್ತಿತ್ತು. ನೋಡಿ ಅಕ್ಕ ಎಂದು ತಿರುಗಿದೆ.

ಅವರು ಪರದೆಯ ಕಡೆ ನೋಡುತ್ತಲೇ ಇರಲಿಲ್ಲ. ಪೆಟ್ಟಿಗೆಯ ಹಿಂದೆ ನಿಂತು, ನಾನು ಕಿತ್ತಿದ್ದ ಚೀಟಿಗೆ ಗೋಂದು ಸವರಿ, ಇದ್ದ ಜಾಗಕ್ಕೇ ಅಂಟಿಸಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು.