ಶಾರದಕ್ಕ ಕೊಟ್ಟ ಬಿಳಿ ಡಬ್ಬಿ

ಶಾರದಕ್ಕ ಮೊದಲು ನೋಡುತ್ತಿದ್ದುದು ಪಾರ್ಲರಿಗೆ ಬಂದವರ ಮುಖವನ್ನಲ್ಲ. ಅವರು ಹಚ್ಚಿಕೊಳ್ಳುವ ಕ್ರೀಮನ್ನು ಪರ್ಸಿನಿಂದ ತೆಗೆಸಿ, ಡಬ್ಬಿ ತಿರುಗಿಸಿ, ಹಿಂದಿನ ಸಣ್ಣಕ್ಷರ ಓದುತ್ತಿದ್ದಳು. ಓದಿ ಮುಗಿಸಿ ಬೈಯುತ್ತಿದ್ದಳು. ಆಗ ನಾನು ಅವಳಿಗೆ ಬಹುವಚನ ಕೊಡುತ್ತಿದ್ದೆ. ಈಗ ಮನಸ್ಸಿಲ್ಲ.

ಅವಳು ಉಡುಪಿ ಕಡೆಯವಳು. ಮುಂಬಯಿಯ ಮುಲುಂಡಿನಲ್ಲಿ ಒಂದು ವಸತಿ ಸೊಸೈಟಿಯ ನೆಲಮಹಡಿಯಲ್ಲಿ ಪಾರ್ಲರ್ ನಡೆಸುತ್ತಿದ್ದಳು. ನಮ್ಮದು ವಿಜಯಪುರದಿಂದ ದುಡಿಯಲು ಬಂದ ಮನೆ. ಹನ್ನೆರಡನೆಯ ತರಗತಿ ಮುಗಿಸಿ ಅವಳ ಬಳಿ ಕೆಲಸಕ್ಕೆ ಸೇರಿದೆ. ಚರ್ಮದ ವಿಷಯದಲ್ಲಿ ನನಗೆ ತಿಳಿದಿರುವುದೆಲ್ಲ ಅವಳು ಕಲಿಸಿದ್ದು. ಇದನ್ನು ಬರೆಯದೆ ವಿಧಿಯಿಲ್ಲ. ಗ್ಲಿಸರಿನ್ ಚರ್ಮದಲ್ಲಿ ನೀರು ಹಿಡಿದಿಡುತ್ತದೆ, ಜಿಡ್ಡು ಮುಖದ ಮೊಡವೆಗೆ ಸ್ಯಾಲಿಸಿಲಿಕ್ ಆಸಿಡ್, ಕಲೆಗೆ ನಿಯಾಸಿನಮೈಡ್, ಬಿಸಿಲು ತಡೆಯಲು ಝಿಂಕ್ ಆಕ್ಸೈಡ್, ಸುಕ್ಕಿಗೆ ರೆಟಿನಾಲ್, ಬಸುರಿಯರಿಗೆ ಮಾತ್ರ ಅದು ಕೂಡದು. ತಲೆಗೆ ಮೊಟಕಿ ಮೊಟಕಿ ಬಾಯಿಪಾಠ ಮಾಡಿಸಿದಳು. ಲಿಂಬೆಹಣ್ಣು, ಅಡುಗೆ ಸೋಡಾ ತಿಕ್ಕಿಕೊಂಡು ಬಂದ ಮದುಮಗಳೊಬ್ಬಳಿಗೆ, ಮುಖ ಅಂದರೆ ಬಾತ್‌ರೂಮಿನ ಟೈಲ್ಸಾ ಎಂದು ಕೇಳಿ ಅಳಿಸಿಬಿಟ್ಟಿದ್ದಳು. ಒಳಗೆ ಎಂತ ಉಂಟು ಅಂತ ಬರೆಯದವನ ಕ್ರೀಮು ನಾಯಿಗೂ ಹಚ್ಚಬಾರದು ಎನ್ನುವುದು ಅವಳ ದಿನದ ಮಾತು.

ನನ್ನ ತಂಗಿ ರೇಣುಕಾ ನನಗಿಂತ ಕಪ್ಪು. ನೋಡಲು ಬಂದ ಗಂಡಿನ ಕಡೆಯವರು ಬಣ್ಣದ ಮಾತೆತ್ತಿ ಹೋಗಿದ್ದರು. ಸಂಗತಿ ಕೇಳಿದ ಶಾರದಕ್ಕ ಕಪಾಟಿನಿಂದ ಮೇಲೆ ಏನೂ ಬರೆಯದ ಬಿಳಿ ಡಬ್ಬಿಯೊಂದನ್ನು ತೆಗೆದುಕೊಟ್ಟಳು.

"ಇದರಾಗ ಏನೈತ್ರಿ ಅಕ್ಕಾ?" ಎಂದೆ.

"ನನ್ನನ್ನೇ ಕೇಳ್ತೀಯಾ? ನಿನಗೆ ಕಲಿಸಿದವಳು ಯಾರು?"

ನಾಚಿಕೆಯಾಗಿ ಡಬ್ಬಿಯನ್ನು ಪರ್ಸಿಗೆ ಹಾಕಿಕೊಂಡೆ. ಅಂದಿನಿಂದ ದಿನವೂ ನಾನೇ ಕೈಯಾರೆ ತಂಗಿಗೆ ಹಚ್ಚಿದೆ.

ಎರಡು ವಾರದಲ್ಲಿ ರೇಣುಕಾ ಬೆಳ್ಳಗಾದಳು. ನಾವು ಬಾಡಿಗೆಗಿದ್ದ ಚಾಳಿನ ಹೆಂಗಸರೆಲ್ಲ ಗುಟ್ಟು ಕೇಳಿದರು. ಡಬ್ಬಿ ಖಾಲಿಯಾದಾಗಲೆಲ್ಲ ಶಾರದಕ್ಕ ಇನ್ನೊಂದು ಕೊಡುತ್ತಿದ್ದಳು. ಮೂರನೆಯ ತಿಂಗಳಿಗೆ ಕೆನ್ನೆ ಕೆಂಡವಾಯಿತು. ನರ ಕಾಣುವಷ್ಟು ಚರ್ಮ ತೆಳುವಾಯಿತು. ಗದ್ದದ ಮೇಲೆ ಕೂದಲು ಮೂಡಿತು. ಬಿಸಿಲಿಗೆ ಕಾಲಿಟ್ಟರೆ ಉರಿ ಎಂದು ಅಳುತ್ತಿದ್ದಳು. ಪರೇಲಿನ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಮುಖ ನೋಡಿದೊಡನೆ ಇದು ಸ್ಟಿರಾಯ್ಡ್ ಕ್ರೀಮಿನ ಕೆಲಸ, ಸುಧಾರಿಸಲು ವರ್ಷವಾದರೂ ಬೇಕು ಎಂದರು. ಹಚ್ಚಿದ್ದು ಯಾರು ಎಂದು ಕೇಳಿದಾಗ ರೇಣುಕಾ ನನ್ನ ಕಡೆ ನೋಡಲಿಲ್ಲ.

ಮರುದಿನ ಗಿರಾಕಿಗಳೆದುರೇ ಡಬ್ಬಿಯನ್ನು ಶಾರದಕ್ಕನ ಮುಂದೆ ಇಟ್ಟು, ಇದರಲ್ಲಿ ಸ್ಟಿರಾಯ್ಡ್ ಇರುವುದು ಗೊತ್ತೇ ಎಂದೆ. ಅವಳು ಅಲ್ಲಗಳೆಯಲಿಲ್ಲ.

"ಗೊತ್ತುಂಟು. ಹದಿನೈದು ದಿನ ಹಚ್ಚಿದ್ರೆ ಸಾಕಿತ್ತು. ಮೂರು ತಿಂಗಳು ಹಚ್ಚಿದ್ದು ನೀನು."

ದಿನದ ಲೆಕ್ಕವನ್ನು ಅವಳು ನನಗೆ ಹೇಳಿಯೇ ಇರಲಿಲ್ಲ. ಕಪಾಟಿನಲ್ಲಿದ್ದ ಅಂಥ ಡಬ್ಬಿಗಳನ್ನೆಲ್ಲ ತೆಗೆದು ಬೇಸಿನ್ನಿಗೆ ಸುರಿದೆ. ಅವಳು ತಡೆಯಲೂ ಇಲ್ಲ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಹುಬ್ಬಿನ ಕೂದಲು ಕೀಳಲು ದಾರ ಹಿಡಿದಳು. ನಾನು ಕೆಲಸ ಬಿಟ್ಟೆ.

ಕಳೆದ ವರ್ಷ ಮುಲುಂಡ್ ಸ್ಟೇಷನ್ನಿನಲ್ಲಿ ಎದುರಾದಳು. ಪಾರ್ಲರ್ ಮುಚ್ಚಿ ಊರು ಸೇರಲಿದ್ದಳಂತೆ. ರೇಣುಕಾ ಹೇಗಿದ್ದಾಳೆ ಎಂದು ಕೇಳಿದಳು. ಈಗ ಕೆಲಸಕ್ಕೆ ಹೋಗುತ್ತಾಳೆ, ಬಿಸಿಲು ಮಾತ್ರ ಇನ್ನೂ ತಡೆಯುವುದಿಲ್ಲ ಎಂದೆ.

"ಸ್ವಲ್ಪ ದಿನ ಆದ್ರೂ ಬೆಳ್ಳಗೆ ಇದ್ದಳಲ್ಲ ಮಾರಾಯ್ತಿ," ಎಂದಳು. ದನಿಯಲ್ಲಿ ಕುಹಕವಿರಲಿಲ್ಲ. ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಅಷ್ಟರಲ್ಲಿ ಲೋಕಲ್ ರೈಲು ಬಂತು. ಲೇಡೀಸ್ ಬೋಗಿ ಹತ್ತಿ, ಕಿಟಕಿಯ ಬಳಿ ನನಗೂ ಜಾಗ ಹಿಡಿದು ಕೈಸನ್ನೆ ಮಾಡಿದಳು. ನನ್ನದೂ ಅದೇ ಗಾಡಿ. ಅದು ಹೊರಟುಹೋಗುವವರೆಗೆ ಪ್ಲಾಟ್‌ಫಾರ್ಮಿನಲ್ಲೇ ನಿಂತೆ.