ಮೇಷ್ಟ್ರ ಗುಲಾಬಿ, ದೊಡ್ಡಕ್ಕನ ಈರುಳ್ಳಿ

“ಎಲ್ಲಪ್ಪಾ ಹೋಯ್ತು ಕೆಂಪು?”

ನಮ್ಮ ಕಾರ್ಯಶಾಲೆಯ ಹಿಂದಿನ ಕೋಣೆಯಲ್ಲಿ ಈ ಪ್ರಶ್ನೆ ಕೇಳಿಬರದ ದಿನವಿಲ್ಲ. ಕುಲುಮೆಯಿಂದ ಇಕ್ಕಳದಲ್ಲಿ ಹೊರತೆಗೆದ ಒಡವೆಯನ್ನು ದಿಟ್ಟಿಸುತ್ತ ನಮ್ಮ ಮೇಷ್ಟ್ರು ಹೀಗೆ ಕೇಳುವುದು ಯಾರನ್ನೂ ಅಲ್ಲ. ಬಿಸಿಯಿರುವಾಗ ಕೆಂಪು ಗಾಜು ಇದ್ದಿಲಿನಂತೆ ಕಪ್ಪಾಗಿ ಕಾಣುತ್ತದೆ, ಆರುತ್ತ ಬಂದಂತೆ ತನ್ನ ಬಣ್ಣಕ್ಕೆ ಮರಳುತ್ತದೆ ಎಂದು ನಮಗೆಲ್ಲ ಕಲಿಸಿದವರೇ ಅವರು. ಆದರೂ ಪ್ರತಿ ಸಲವೂ ಚಪ್ಪಲಿ ಕಳೆದುಕೊಂಡವರಂತೆ ಗಾಬರಿಯಾಗುತ್ತಾರೆ. ಕೆಂಪು ಮರಳಿ ಬಂದ ಮೇಲೆಯೇ ಅವರ ಉಸಿರೂ ಮರಳುವುದು.

ಬೆಳ್ಳಿಯ ಮೇಲೆ ಎನಾಮೆಲ್ ಕೂರಿಸುವ ಕಲೆಯಲ್ಲಿ ಅವರಿಗೆ ಸಮಾನರಾದವರನ್ನು ನಾನು ಕಂಡಿಲ್ಲ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ತಿಳಿಯಾಗುವವರೆಗೆ ತೊಳೆದು, ಆ ಒದ್ದೆ ಪುಡಿಯನ್ನು ಕುಂಚದ ತುದಿಯಿಂದ ಬೆಳ್ಳಿಯ ಪುಟ್ಟ ಗೂಡುಗಳಿಗೆ ತುಂಬಿ, ಒಣಗಿಸಿ, ಕುಲುಮೆಯಲ್ಲಿ ಕರಗಿಸುವ ಈ ಕೆಲಸ ಬರೆಯುವುದಕ್ಕೆ ಒಂದು ವಾಕ್ಯ, ಕಲಿಯುವುದಕ್ಕೆ ಒಂದು ಆಯುಷ್ಯ. ಒಣಗಿದ ಪುಡಿ ಒಂದು ಸೀನಿಗೆ ಹಾರಿಹೋಗುತ್ತದೆ. ಆದ್ದರಿಂದ ಆ ಕೋಣೆಯಲ್ಲಿ ಫ್ಯಾನು ಇಲ್ಲ, ನೆಗಡಿಯಾದವರಿಗೆ ಪ್ರವೇಶವಿಲ್ಲ, ನಗುವಂತೆಯೂ ಇಲ್ಲ. ಕಷ್ಟವೆಂದರೆ, ನಗು ಬರಿಸುವ ಮಾತುಗಳನ್ನು ಅಲ್ಲಿ ಆಡುತ್ತಿದ್ದವರು ಮೇಷ್ಟ್ರೊಬ್ಬರೇ.

ಅಜ್ಜಿ ದಿನವೂ ಸಂಜೆ ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕೇಳಿಕೊಂಡು ಬೆಳೆದವನು ನಾನು. ಮಾತು ಕಡಿಮೆ, ಗುನುಗು ಹೆಚ್ಚು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಲುಮೆಯ ಮುಂದೆ ನಿಂತಾಗಲೆಲ್ಲ ಭಯಕ್ಕೋ ಭಕ್ತಿಗೋ ಒಂದು ಸ್ತುತಿಪದ್ಯ ತುಟಿಗೆ ಬರುತ್ತಿತ್ತು. ಬೇರೆಯವರಾಗಿದ್ದರೆ ಗದರುತ್ತಿದ್ದರು. ಮೇಷ್ಟ್ರು ಕೆಲವು ದಿನ ಸುಮ್ಮನೆ ಕಿವಿಗೊಟ್ಟರು. ನನ್ನ ಪದ್ಯ ಮುಗಿಯುವುದಕ್ಕೂ ಗಾಜು ಕರಗಿ ಹೊಳೆಯುವುದಕ್ಕೂ ಸರಿಹೋಗುತ್ತದೆಂದು ಕಂಡುಕೊಂಡು, ಗೋಡೆಯ ಗಡಿಯಾರವನ್ನೇ ಇಳಿಸಿಬಿಟ್ಟರು. ಒಮ್ಮೆ ಮನಸ್ಸು ತುಂಬಿ ಕೊನೆಯ ಸಾಲನ್ನು ನಾನು ಎಳೆದು ಹಾಡಿದೆ. ಒಂದು ಜೊತೆ ಓಲೆಯ ಹಸಿರು ಅಂಚಿನಲ್ಲೆಲ್ಲ ಸೀದುಹೋಯಿತು. ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡು ಅವರು ಅಂದದ್ದು ಇಷ್ಟೇ: “ಭಕ್ತಿ ಸ್ವಲ್ಪ ಜಾಸ್ತಿ ಬೆಂತು ಕಣಪ್ಪ. ರಾಗ ದೇವರಿಗಿರಲಿ, ಕುಲುಮೆಗೆ ಬರೀ ಪದ್ಯ ಸಾಕು. ಬೆಳ್ಳಿ ಎಲ್ಲಿಗೂ ಹೋಗಿಲ್ಲವಲ್ಲ, ಬಾ.” ಮಧ್ಯಾಹ್ನವೆಲ್ಲ ನನ್ನ ಜೊತೆ ಕುಳಿತು ಆ ಸೀದ ಗಾಜನ್ನು ಕೆರೆದು ತೆಗೆದು, ಹೊಸ ಪುಡಿ ತುಂಬಿಸಿದರು. ಯಾರ ಕೈ ತಪ್ಪಿದರೂ ಅವರ ರೀತಿ ಇದೇ. ಕೆಟ್ಟದ್ದು ಕೆಟ್ಟದ್ದಾಗಿಯೇ ಉಳಿಯಲು ಅವರು ಬಿಟ್ಟವರಲ್ಲ.

ಅವರ ಕೈಯಿಂದ ಹೊರಟ ಒಂದು ಒಡವೆಯಲ್ಲೂ ಕುಂದಿಲ್ಲ ಎಂದು ಅವರ ನಿವೃತ್ತಿಯ ಸನ್ಮಾನಕ್ಕೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಬರೆದುಬಿಡಲು ನನಗೆ ಬಹಳ ಆಸೆ. ಆದರೆ ದೊಡ್ಡಕ್ಕ ಬಿಡುವುದಿಲ್ಲ.

ದೊಡ್ಡಕ್ಕ ಎಂದರೆ ಮೇಷ್ಟ್ರ ಸ್ವಂತ ಅಕ್ಕ, ಕಾರ್ಯಶಾಲೆಯ ಮುಂಭಾಗದ ಅಂಗಡಿಯಲ್ಲಿ ಗಲ್ಲಾದ ಹಿಂದೆ ಕೂರುವವರು. ಅವರ ಕೊರಳಲ್ಲೊಂದು ಪದಕವಿದೆ. ಮೇಷ್ಟ್ರು ಇನ್ನೂ ಮೇಷ್ಟ್ರಾಗದಿದ್ದ ಕಾಲದಲ್ಲಿ ಒಬ್ಬ ಮದುಮಗಳು ಕೆಂಪು ಗುಲಾಬಿಯ ಪದಕ ಬೇಕೆಂದಳಂತೆ. ಬೆಳ್ಳಿಯ ಮೇಲೆ ಮೊದಲು ಬಣ್ಣವಿಲ್ಲದ ಗಾಜಿನ ಪದರ ಕೊಟ್ಟು ಆಮೇಲೆ ಕೆಂಪು ಹಾಕಬೇಕು. ಆಗಿನ್ನೂ ತರುಣರಾಗಿದ್ದ ಇವರು ಅವಸರಪಟ್ಟು ಬರೀ ಬೆಳ್ಳಿಯ ಮೇಲೆಯೇ ಕೆಂಪು ತುಂಬಿದರು. ಪದಕ ಆರಿತು, ಕೆಂಪು ಮರಳಲಿಲ್ಲ. ಪದರ ಪದರವಾದ ಎಸಳು, ಮೇಲೆ ಕಂದು ಹೊಳಪು. “ಈರುಳ್ಳಿ ಚೆನ್ನಾಗಿದೆ. ನಾನು ಕೇಳಿದ್ದು ಗುಲಾಬಿ,” ಎಂದು ಮದುಮಗಳು ಹೊರಟೇಹೋದಳು. ಈ ಕೆಲಸ ಇನ್ನು ಮುಟ್ಟುವುದಿಲ್ಲವೆಂದು ಮನೆಗೆ ಬಂದ ತಮ್ಮ ಮುಸುಕೆಳೆದು ಮಲಗಿದಾಗ, ಅಕ್ಕ ಆ ಪದಕಕ್ಕೊಂದು ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡು, “ನಂಗೆ ಈರುಳ್ಳಿನೇ ಬೇಕಿತ್ತು. ಎದ್ದೇಳೋ, ನಾಳೆ ಹೋಗಿ ಬೆಳ್ಳುಳ್ಳಿ ಮಾಡು,” ಎಂದರಂತೆ. ತಮ್ಮ ಮರುದಿನ ಕೆಲಸಕ್ಕೆ ಹೋದರು.

ದಾರದ ಜಾಗಕ್ಕೆ ಸರ ಬಂತು, ಪದಕ ಕದಲಲಿಲ್ಲ. ಮೇಷ್ಟ್ರ ಕೆಂಪಿನ ಹೆಸರು ಕೇಳಿ ದೂರದಿಂದ ಬಂದವರಿಗೆ ಅಂಗಡಿಯಲ್ಲಿ ಮೊದಲ ದರ್ಶನ ಅದರದೇ. “ಇದೂ ನಮ್ಮ ತಮ್ಮಂದೇ,” ಎಂದು ದೊಡ್ಡಕ್ಕ ಎತ್ತಿ ತೋರಿಸುತ್ತಾರೆ. ಅಂಗಡಿಗೂ ಕುಲುಮೆಯ ಕೋಣೆಗೂ ನಡುವಿನ ಪರದೆಯ ಹಿಂದೆ ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಈಗ ಸನ್ಮಾನದ ದಿನ ಅವರ ಕೃತಿಗಳ ಪ್ರದರ್ಶನವೂ ಇದೆ, ಬಲ್ಲವರೆಲ್ಲ ಬರುವವರಿದ್ದಾರೆ. “ಆ ಈರುಳ್ಳಿ ಸಭೆಗೆ ಬಂದ್ರೆ ನಾನು ಬರಲ್ಲ,” ಎಂದು ಮೇಷ್ಟ್ರು ಹಟ ಹಿಡಿದರು. ಪದಕವನ್ನು ಅಕ್ಕನ ಕೊರಳಿಂದ ಬಿಚ್ಚಿಸಿ ತರುವ ರಾಯಭಾರವನ್ನು, ಜಗಳವಾಡಲು ಬಾರದವನೆಂಬ ಒಂದೇ ಅರ್ಹತೆಯ ಮೇಲೆ, ಸನ್ಮಾನ ಸಮಿತಿ ನನಗೆ ವಹಿಸಿತು. ಹೋದೆ; ದೊಡ್ಡಕ್ಕನಿಂದ ಎರಡು ಹೊಸ ಹಾಡು ಕಲಿತುಕೊಂಡು ಬರಿಗೈಯಲ್ಲಿ ಬಂದೆ.

ಮೇಷ್ಟ್ರು ಕಾರ್ಯಶಾಲೆಯಿಂದ ನಿವೃತ್ತರಾಗುತ್ತಿದ್ದಾರೆಯೇ ಹೊರತು ಕೆಲಸದಿಂದಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಕುಲುಮೆಯೊಂದು ಆಗಲೇ ಬಂದು ಕೂತಿದೆ. ಅದು ಬಹುಕಾಲ ಉರಿಯಲಿ, ಕೈ ನಡುಗದಿರಲಿ, ಅವರು ಕೂಗಿ ಕರೆದ ಕೆಂಪು ಪ್ರತಿ ಸಲವೂ ಮರಳಿ ಬರಲಿ ಎಂದು ದೇವರಲ್ಲಿ ಬೇಡುತ್ತೇನೆ. ದೇವರು ನಡೆಸಿಕೊಟ್ಟಾನು. ದೊಡ್ಡಕ್ಕನ ಮಾತೇ ಬೇರೆ. ನನ್ನಿಂದಾಗದ್ದನ್ನು ಸಾಧಿಸಲು ಮೊನ್ನೆ ಮೇಷ್ಟ್ರೇ ಪರದೆ ಸರಿಸಿ ಅಂಗಡಿಗೆ ಬಂದರು.

“ಅಕ್ಕಾ, ನನ್ನ ಮಾನ ಹೋಗುತ್ತೆ ಕಣೇ. ಒಂದು ಮಧ್ಯಾಹ್ನ ಕೊಡು, ಒಳ್ಳೇ ಗುಲಾಬಿ ಮಾಡ್ಕೊಡ್ತೀನಿ.”

“ಗುಲಾಬಿ ಈಗ ನಿನ್ನ ಶಿಷ್ಯರೂ ಮಾಡ್ತಾರೆ. ಇಂಥದೇ ಇನ್ನೊಂದು ಈರುಳ್ಳಿ ಮಾಡು ನೋಡೋಣ, ಆಗ ಬಿಚ್ಚಿ ಕೊಡ್ತೀನಿ.”

ಮೇಷ್ಟ್ರು ನಿಜವಾಗಿಯೂ ಯೋಚಿಸಿದರು. ಕೈ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಅವು ಒಪ್ಪಲಿಲ್ಲವೆಂದು ಕಾಣುತ್ತದೆ.

“ಹಾಗಾದ್ರೆ ನಾನು ಸಭೆಗೆ ಬರಲ್ಲ.”

“ಬರಬೇಡ. ಕುರ್ಚಿ ಮೇಲೆ ಇದನ್ನೇ ಕೂರಿಸಿ ಭಾಷಣ ಮಾಡ್ತಾರೆ. ಏನಪ್ಪಾ, ಮಾಡಲ್ವಾ?” ಎಂದು ನನ್ನ ಕಡೆ ತಿರುಗಿದರು. ನಾನು ಗಲ್ಲಾಪೆಟ್ಟಿಗೆಯ ಬೀಗವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಮೇಷ್ಟ್ರು ಧ್ವನಿ ತಗ್ಗಿಸಿದರು. “ಹೋಗ್ಲಿ ಅಕ್ಕಾ. ವೇದಿಕೆ ಮೇಲೆ ನನ್ನ ಪಕ್ಕ ಕೂತಾಗಲಾದ್ರೂ ಅದನ್ನ ಮಗುಚಿ ಹಾಕ್ಕೋ. ಹಿಂದ್ಗಡೆ ಬೆಳ್ಳಿ ಚೆನ್ನಾಗೇ ಇದೆ.”

ದೊಡ್ಡಕ್ಕ ಪದಕವನ್ನು ಹೆಬ್ಬೆರಳಿನಿಂದ ಒರೆಸಿ, ಎಲ್ಲರಿಗೂ ಕಾಣುವಂತೆ ಎದೆಯ ನಡುವೆ ನೆಟ್ಟಗೆ ಕೂರಿಸಿಕೊಂಡರು.

“ಆಗಲ್ಲ, ಹೋಗೋ.”